ಅರಿಶಿನವೂ ಔಷಧಿನಾ, ಅಣ್ಣ?

ಹೋದ ತಿಂಗಳು ಪಕ್ಕದ ರೂಮಿನ ಗೆಳೆಯನ ಜೊತೆ ಕ್ಲಿನಿಕ್‌ಗೆ ಹೋಗಿದ್ದೆ. ಹೆವಿ ಡ್ರೈವರ್, ಕ್ಲಚ್ ತುಳಿದೂ ತುಳಿದೂ ಮೊಣಕಾಲು ನೋವು. ಹಾರ್ಟಿಗೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ದಿನಾ ತಗೋತಾನೆ. "ಬೇರೆ ಏನಾದರೂ ಔಷಧಿ ಇದೆಯಾ?" ಅಂತ ಡಾಕ್ಟರ್ ಕೇಳಿದರೆ "ಏನೂ ಇಲ್ಲ" ಅಂದ. ಹೊರಗೆ ಬಂದ ಮೇಲೆ ಕೇಳಿದೆ, "ಆ ಅರಿಶಿನದ ಕ್ಯಾಪ್ಸೂಲ್ ಯಾಕೆ ಹೇಳಲಿಲ್ಲ?" "ಅರಿಶಿನವೂ ಔಷಧಿನಾ, ಅಣ್ಣ?" ಅಂದುಬಿಟ್ಟ! ಕೈ ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋದೆ.

ಕೀಲು ಬಿಸಿಯಾಗಿ, ಊದಿ ನೋಯುತ್ತದಲ್ಲ, ಅದೇ ಉರಿಯೂತ. ನಮ್ಮ ದೇಹದ ಕಾಕ್ಸ್ ಎಂಬ ಕಿಣ್ವ (ಎಂಜೈಮ್) ನೋವು, ಊತ ಹೆಚ್ಚಿಸುವ ವಸ್ತುಗಳನ್ನು ತಯಾರಿಸುತ್ತದೆ. ಆಸ್ಪಿರಿನ್ ಇದನ್ನೇ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ಆಸ್ಪಿರಿನ್ನಿನ ಕಥೆ ಶುರುವಾಗಿದ್ದೂ ವಿಲ್ಲೋ ಮರದ ತೊಗಟೆಯಂಥ ಗಿಡಮೂಲಿಕೆಯಿಂದಲೇ. ಗಿಡದ್ದು ಅಂದಮಾತ್ರಕ್ಕೆ ಸಾಧು ಅಲ್ಲ.

ಅರಿಶಿನದ ಕರ್ಕ್ಯುಮಿನ್ ಕೂಡ ಇಂಥ ಕಿಣ್ವಗಳನ್ನು ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ತಿಂದದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಹೆಚ್ಚಾಯಿತು! ಅದಕ್ಕೇ ಈಗ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸತ್ವವೂ ಇರುತ್ತದೆ.

ಅಪಾಯ ಇರುವುದೂ ಅಲ್ಲೇ. ಔಷಧಿಗಳನ್ನು ಕರಗಿಸಿ ಹೊರಹಾಕುವ ಲಿವರ್‌ನ ಕಿಣ್ವಗಳನ್ನೂ ಪೈಪರಿನ್ ತಡೆಯಬಲ್ಲದು. ಆಗ ನೀವು ತಗೊಳ್ಳುವ ಬೇರೆ ಮಾತ್ರೆ ದೇಹದಲ್ಲೇ ಉಳಿದು ಜಾಸ್ತಿಯಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯಾದರೆ ರಕ್ತಸ್ರಾವದ ಭಯ. ಅರಿಶಿನದ ಕ್ಯಾಪ್ಸೂಲ್ ತಿಂದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ದಾಖಲಾಗಿವೆ.

ಹಾಗಂತ ಸಾರಿಗೆ ಅರಿಶಿನ, ಮೆಣಸು ಹಾಕೋದು ಬಿಡಬೇಡಿ. ಅಡುಗೆಯ ಚಿಟಿಕೆ ಬೇರೆ, ಕ್ಯಾಪ್ಸೂಲಿನ ಡೋಸ್ ಬೇರೆ. ಊರಿಂದ ಬಂದಿದ್ದಾಗಲಿ, ಇಲ್ಲಿ ಕೊಂಡದ್ದಾಗಲಿ, ಡಬ್ಬಿಯ ಎರಡೂ ಬದಿಯ ಫೋಟೋ ಮೊಬೈಲಿನಲ್ಲಿರಲಿ. ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಒಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ ತಡಮಾಡಬೇಡಿ. ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ಗೆಳೆಯನಿಗೆ ಡಾಕ್ಟರ್ ಕ್ಯಾಪ್ಸೂಲ್ ಬಿಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಮೊಣಕಾಲಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನಿಮ್ಮ ರೂಮಿನ ಕಪಾಟಿನಲ್ಲಿ ಯಾವ ಡಬ್ಬಿ ಇದೆ, ಇವತ್ತೇ ಒಮ್ಮೆ ನೋಡಿ.