ಹಿನ್ನೆಲೆಯ ಪಿಟೀಲು
1950–60ರ ದಶಕಗಳ ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ, ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ಧಾಟಿಯನ್ನು ಕೇಳಿ, ಅದಕ್ಕೊಪ್ಪುವ ಕಾರ್ಡ್‌ಗಳನ್ನು, ಅಂದರೆ ಏಕಕಾಲಕ್ಕೆ ನುಡಿಯುವ ಸ್ವರಗುಚ್ಛಗಳನ್ನು, ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಡುತ್ತಿದ್ದವರು ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್‌ರಂಥ ಗೋವಾ ಮೂಲದ ಅರೇಂಜರ್‌ಗಳು. ಶ್ರೇಯಸ್ಸು ಮಾತ್ರ ಅವರಿಗೆ ತಡವಾಗಿಯೇ ಸಂದಿತು. ಆ ಹಾಳೆಗಳು ಕೈಗೆಟುಕದ ಇಂದಿನ ವಾದಕನು ಅದೇ ಕೆಲಸವನ್ನು ಧ್ವನಿಮುದ್ರಿಕೆಯಿಂದ ಹಿಮ್ಮುಖವಾಗಿ ಮಾಡುತ್ತಾನೆ: ಮೊದಲು ಬೇಸ್ ವಾದ್ಯದ ಮಂದ್ರಸ್ವರವನ್ನು ಹಿಡಿದು, ಅದನ್ನೇ ಷಡ್ಜವೆಂದು ಭಾವಿಸಿ, ಮೇಲಿನ ಗಾಂಧಾರವು ಅಂತರವಾದರೆ ಮೇಜರ್, ಸಾಧಾರಣವಾದರೆ ಮೈನರ್ ಎಂದು ನಿರ್ಧರಿಸುತ್ತಾನೆ. ಆದರೆ ಬೇಸ್ ಕೆಲವೊಮ್ಮೆ ಗುಚ್ಛದ ಬೇರೆ ಸ್ವರವನ್ನೇ ನುಡಿಸಿ ದಾರಿತಪ್ಪಿಸುವುದೂ ಉಂಟು. ನಿಜವಾದ ಕಷ್ಟವಿರುವುದು ಡಿಸೋಜರ ವೈಶಿಷ್ಟ್ಯವೆನಿಸಿದ ಪ್ರತಿಧಾಟಿಯಲ್ಲಿ, ಎಂದರೆ ಗಾಯನದ ಬೆನ್ನಿಗೇ ಸಾಗುವ ಪಿಟೀಲುಗಳ ಪ್ರತ್ಯೇಕ ರಾಗರೇಖೆಯಲ್ಲಿ. ಎಲ್ಲ ನಾದವೂ ಒಂದೇ ವಾಹಿನಿಯಲ್ಲಿ ಬೆರೆತಿರುವ ಹಳೆಯ ಮೋನೋ ಮುದ್ರಣದಲ್ಲಿ ಅದು ಸ್ಪಷ್ಟವಾಗಿ ಕೇಳಿಸುವುದು ಗಾಯಕರು ಉಸಿರು ತೆಗೆದುಕೊಳ್ಳುವ ಎಡೆಗಳಲ್ಲಿ ಮಾತ್ರ.