ಅತಿಥಿಯ ತೃಪ್ತಿ, ಯಜಮಾನನ ಲಾಭ, ನೆಲದ ನೀರು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಸಂಚಾರಕ್ಕೆ ತೆರೆದಂದಿನಿಂದ, ಚಕ್ಕೋತಕ್ಕೂ ದ್ರಾಕ್ಷಿಗೂ ಹೆಸರಾಗಿದ್ದ ಆ ಸೀಮೆಯಲ್ಲಿ ವಸತಿಗೃಹಗಳೂ ವಿಹಾರಧಾಮಗಳೂ ಒಂದರ ಮಗ್ಗುಲಲ್ಲಿ ಒಂದಾಗಿ ತಲೆಯೆತ್ತಿವೆ; ತಾವು ಪರಿಸರಸ್ನೇಹಿಗಳೆಂದು ಸಾರಿಕೊಳ್ಳುವ ಸಂಪ್ರದಾಯವೂ ಅವುಗಳೊಡನೆ ಬೆಳೆದುಬಂದಿದೆ. ಆ ಸ್ನೇಹದಿಂದ ಅತಿಥಿಗೆ ಸಂತೋಷವಾಗುವುದೆ, ಯಜಮಾನನಿಗೆ ಲಾಭವಾಗುವುದೆ ಎಂಬೆರಡು ಪ್ರಶ್ನೆಗಳನ್ನು ಹಿಡಿದು ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗಳು ಸಂಶೋಧನೆಗೆ ಹೊರಡುವುದುಂಟು. ಪ್ರಶ್ನೆಗಳು ಉಚಿತವಾದುವೇ. ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ವ್ಯಾಜ್ಯಕ್ಕೆ ಅಂತರ್ಜಲವೆಂಬ ಮೂರನೆಯ ಕಕ್ಷಿಯೊಂದಿದೆ. ಅದರ ಸಾಕ್ಷ್ಯವನ್ನು ಕೇಳದೆ ಕೊಟ್ಟ ತೀರ್ಪು ನ್ಯಾಯವೆನಿಸಲಾರದು.

ಮೊದಲು ಅತಿಥಿಯ ವಿಚಾರ. ಪ್ರಶ್ನಾವಳಿಯನ್ನು ಮುಂದಿಟ್ಟು "ಪರಿಸರದಲ್ಲಿ ತಮಗೆ ಆಸಕ್ತಿಯುಂಟೆ?" ಎಂದು ಕೇಳಿದರೆ ಇಲ್ಲವೆನ್ನುವ ಸಭ್ಯರು ಯಾರು? ನುಡಿಗಿಂತ ನಡತೆಯನ್ನು ಎಣಿಸುವುದು ಲೇಸು. ಅಮೆರಿಕದ ಹೋಟೆಲೊಂದರಲ್ಲಿ ಗೋಲ್ಡ್‌ಸ್ಟೀನ್, ಚಾಲ್ಡೀನಿ ಮೊದಲಾದವರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಸರವನ್ನು ರಕ್ಷಿಸಿರೆಂಬ ಚೀಟಿಯಿದ್ದ ಕೋಣೆಗಳಲ್ಲಿ ನೂರಕ್ಕೆ ಸುಮಾರು 35 ಮಂದಿ ಟವೆಲನ್ನು ಮತ್ತೆ ಬಳಸಿದರೆ, ಉಳಿದ ಅತಿಥಿಗಳಲ್ಲಿ ಬಹುಪಾಲು ಜನ ಹಾಗೆಯೇ ಮಾಡುತ್ತಾರೆಂದು ತಿಳಿಸಿದ್ದ ಕೋಣೆಗಳಲ್ಲಿ ಆ ಸಂಖ್ಯೆ ಸುಮಾರು 44ಕ್ಕೆ ಏರಿತು. ಉಪದೇಶಕ್ಕಿಂತ ಮೇಲ್ಪಂಕ್ತಿ ಬಲವಾದದ್ದು. ಬಚ್ಚಲುಮನೆಯಲ್ಲಿ ನೀರು ಉಳಿಸಿರೆಂಬ ಫಲಕವನ್ನು ಓದಿ ಹೊರಗೆ ಬಂದ ಅತಿಥಿಯು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಹುಲ್ಲುಹಾಸಿನ ಮೇಲೆ ಕಾರಂಜಿ ತಿರುಗುತ್ತಿರುವುದನ್ನೂ, ಹಿಂದಿನ ಗೇಟಿನಲ್ಲಿ ಟ್ಯಾಂಕರಿನ ಕೊಳವೆ ನೆಲದಡಿಯ ತೊಟ್ಟಿಗೆ ಇಳಿದಿರುವುದನ್ನೂ ಕಂಡನೆಂದರೆ, ಆ ಫಲಕದ ಮೇಲೆ ಅವನಿಗೆ ಮತ್ತೆ ನಂಬಿಕೆ ಹುಟ್ಟುವುದು ಕಷ್ಟ.

ಇನ್ನು ಲಾಭದ ಮಾತು. ಹಸಿರು ಪ್ರಮಾಣಪತ್ರ ಪಡೆದ ಸಾವಿರಾರು ಹೋಟೆಲುಗಳ ಲೆಕ್ಕವನ್ನು ಪರಿಶೀಲಿಸಿದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು, ಅದರಿಂದ ಆದಾಯವು ಸರಾಸರಿಯಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲವೆಂದು ಕಂಡುಕೊಂಡರು. ಆದಕಾರಣ ಯಜಮಾನನು ಲಾಭವನ್ನು ಅರಸತಕ್ಕದ್ದು ಖರ್ಚಿನ ಪುಟದಲ್ಲಿ: ಒಗೆಯದೆ ಉಳಿದ ದುಪ್ಪಟಿ, ಸೂರ್ಯನ ಶಾಖದಿಂದ ಕಾದ ನೀರು, ತರಿಸದೆ ಉಳಿದ ಟ್ಯಾಂಕರು. ಕತ್ತಲಿರುವಾಗಲೇ ಒಲೆ ಹೊತ್ತಿಸುವ ಹೊಸಕೋಟೆಯ ಬಿರಿಯಾನಿ ಅಂಗಡಿಗಳನ್ನೂ, ನೆಲಮಂಗಲದ ಹೆದ್ದಾರಿಯ ಉಪಾಹಾರ ಗೃಹಗಳನ್ನೂ ಸಂಶೋಧಕರು ಮರೆಯಬಾರದು. ಎಲೆಯಲ್ಲೋ ದೊನ್ನೆಯಲ್ಲೋ ಬಡಿಸಿದರೆ ತಟ್ಟೆ ತೊಳೆಯುವ ನೀರು ಎಷ್ಟು ಉಳಿಯುವುದೆಂಬುದು ಪಂಚತಾರಾ ಹೋಟೆಲಿನ ಪ್ರಶಸ್ತಿಗಿಂತ ಕಡಮೆ ಸ್ವಾರಸ್ಯದ ವಿಷಯವೇನಲ್ಲ.

ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಸೀಮೆಯನ್ನು ಹಾದುಹೋಗುವ ಅರ್ಕಾವತಿಯು ಬಹುಕಾಲ ಬರಿಯ ಪಾತ್ರವಾಗಿಯೇ ಉಳಿದಿರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಗಣನೆಯಲ್ಲಿ ಇಲ್ಲಿಯ ತಾಲ್ಲೂಕುಗಳು ಅತಿಬಳಕೆಯ ವರ್ಗಕ್ಕೆ ಸೇರಿವೆ. ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಕೆಲವು ಕೆರೆಗಳಿಗೆ ಬರುತ್ತಿರುವುದು ಉಪಕಾರವೇ ಸರಿ. ಆದರೂ ಹೋಟೆಲಿನ ಕೊಳವೆಬಾವಿಯೂ ನೆರೆಯ ಹಿಪ್ಪುನೇರಳೆ ತೋಟದ ಕೊಳವೆಬಾವಿಯೂ ಹೀರುವುದು ಒಂದೇ ಬಂಡೆಯ ಬಿರುಕುಗಳಿಂದ. ಅತಿಥಿ ಮೆಚ್ಚಿ, ಯಜಮಾನನು ಗಳಿಸಿ, ರೈತನ ಪಂಪು ಗಾಳಿ ಕಕ್ಕಿದರೆ ಅದನ್ನು ಸುಸ್ಥಿರವೆಂದು ಕರೆಯುವುದು ಹೇಗೆ?

ಆದುದರಿಂದ ನನ್ನ ಸೂಚನೆ ಇಷ್ಟೆ. ಪ್ರತಿಯೊಂದು ವಸತಿಗೃಹವೂ ಕೊಳವೆಬಾವಿಗೂ ಟ್ಯಾಂಕರಿಗೂ ಮೀಟರ್ ಅಳವಡಿಸಿ, ಒಬ್ಬ ಅತಿಥಿಯ ಒಂದು ರಾತ್ರಿಗೆ ತಗಲಿದ ನೀರು ಎಷ್ಟು ಲೀಟರು, ಅದರಲ್ಲಿ ಮರುಬಳಕೆಯಾದುದು ಎಷ್ಟು ಎಂಬುದನ್ನು ತಿಂಗಳು ತಿಂಗಳೂ ಸ್ವಾಗತಕಟ್ಟೆಯಲ್ಲಿ ಪ್ರಕಟಿಸಲಿ. ಸಂಶೋಧಕರು ಮದುವೆಯ ಕಾಲಕ್ಕೂ ಮಳೆಗಾಲಕ್ಕೂ, ನಂದಿಗೆ ಜನ ನುಗ್ಗುವ ಶನಿವಾರ ಭಾನುವಾರಗಳಿಗೂ ಬಡವಾದ ಮಂಗಳವಾರಕ್ಕೂ ಆ ಲೆಕ್ಕವನ್ನು ಹೋಲಿಸಿ ನೋಡಲಿ. ಪಕ್ಕದ ಗ್ರಾಮ ಪಂಚಾಯಿತಿಯ ಕೊಳವೆಬಾವಿಯ ಮಟ್ಟವನ್ನೂ ಅದರ ಜೊತೆಗೇ ಬರೆದಿಡಲಿ. ಈ ಲೆಕ್ಕವನ್ನು ಕೊಡಲೊಪ್ಪದ ಹೋಟೆಲಿಗೆ ಹಸಿರು ಪ್ರಮಾಣಪತ್ರ ಸಲ್ಲತಕ್ಕದ್ದಲ್ಲ.