ಹಿಡಿದರೆ ಮುಗಿಯಿತೇ?

ಅಪರಾಧದ ಕಥೆಗಳು ಗೃಹಸ್ಥರ ಮನೆಯೊಳಗೆ ಬರಲೇಬಾರದೆಂದು ವಾದಿಸುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಕಳವು, ಕೊಲೆಯ ಯತ್ನ, ಸುಳ್ಳು ದೂರು, ವಧಾಜ್ಞೆ ಇವೆಲ್ಲವೂ ತುಂಬಿರುವ ಮೃಚ್ಛಕಟಿಕವನ್ನು ನಾನು ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಓದಿದವನು. ಅದನ್ನೋದಿ ಕೆಟ್ಟವರನ್ನು ನಾನು ಕಾಣೆ. ಆದುದರಿಂದ ಮನೆಯ ಮಕ್ಕಳು ‘ಡೆಲ್ಲಿ ಕ್ರೈಮ್’ ಎಂಬ ಸರಣಿಯ ಮೊದಲನೆಯ ಸೀಸನ್ನನ್ನು ನೋಡೋಣವೆಂದು ಕರೆದಾಗ ಮುಖ ತಿರುವದೆ ಏಳು ಕಂತುಗಳನ್ನೂ ನೋಡಿದೆನು. ನೋಡಿ ಮೆಚ್ಚಿದೆನು, ಮೆಚ್ಚಿದ ಮೇಲೆಯೇ ವಾದಕ್ಕೆ ನಿಂತಿದ್ದೇನೆ.

2012ನೆಯ ಇಸವಿ ಡಿಸೆಂಬರ್ 16ರ ರಾತ್ರಿ ದೆಹಲಿಯ ಓಡುವ ಬಸ್ಸಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಆರು ಮಂದಿ ನಡೆಸಿದ ಘೋರಕೃತ್ಯವೂ, ಅವರನ್ನು ಐದಾರು ದಿನಗಳಲ್ಲಿ ಪೊಲೀಸರು ಹಿಡಿದ ಬಗೆಯೂ ಇದರ ವಸ್ತು. ರಿಚೀ ಮೆಹ್ತಾ ಎಂಬವರು ತನಿಖೆಯ ಕಾಗದಪತ್ರಗಳನ್ನೂ ಅಧಿಕಾರಿಗಳ ಮಾತುಗಳನ್ನೂ ಆಧಾರವಾಗಿಟ್ಟುಕೊಂಡು ಬರೆದು ನಿರ್ದೇಶಿಸಿದ್ದಾರೆ. 2019ರ ಮಾರ್ಚಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಹೊರಬಂದ ಇದಕ್ಕೆ ಮರುವರ್ಷ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂದಿತು. ಭಾರತದ ಸರಣಿಯೊಂದಕ್ಕೆ ಈ ಗೌರವ ದೊರೆತುದು ಅದೇ ಮೊದಲು.

ಗುಣವನ್ನು ಮೊದಲು ಹೇಳುವುದು ಧರ್ಮ. ಆ ಕೃತ್ಯವನ್ನು ಇಲ್ಲಿ ಕಣ್ಣಿಗೆ ತೋರಿಸಿಲ್ಲ. ಯುದ್ಧ, ಮರಣಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಸೂಚಿಸಬೇಕೆಂಬುದು ಭರತಮುನಿಯ ವಿಧಿ. ಮೆಹ್ತಾ ಅವರು ಭರತನನ್ನು ಓದಿರಲಿ, ಬಿಡಲಿ, ಆ ವಿವೇಕವು ಅವರಲ್ಲಿದೆ. ವರ್ತಿಕಾ ಚತುರ್ವೇದಿ ಎಂಬ ಪೊಲೀಸ್ ಅಧಿಕಾರಿಣಿಯ ಪಾತ್ರದಲ್ಲಿ ಶೆಫಾಲಿ ಶಾ ಅವರು ಕಣ್ಣಿನಲ್ಲಿಯೇ ಕೋಪವನ್ನೂ ಕರುಣೆಯನ್ನೂ ಹಿಡಿದಿಟ್ಟಿದ್ದಾರೆ. ಇಷ್ಟನ್ನು ಒಪ್ಪದವನು ಅರಸಿಕನು.

ಇನ್ನು ದೋಷ. ಕೊನೆಯ ಕಂತು ಮುಗಿದಾಗ ಕೋಣೆಯಲ್ಲಿದ್ದವರೆಲ್ಲ ನಿಟ್ಟುಸಿರು ಬಿಟ್ಟು, “ಅಂತೂ ಹಿಡಿದರಲ್ಲ” ಎಂದು ಎದ್ದರು. ಮೊಮ್ಮಗಳು ಮಾತ್ರ ಎದ್ದಿರಲಿಲ್ಲ. “ತಾತಾ, ಆ ಬಸ್ಸನ್ನು ಮೊದಲೇ ಯಾರೂ ಏಕೆ ನಿಲ್ಲಿಸಲಿಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಏಳು ಕಂತುಗಳನ್ನು ನೋಡಿಯೂ ಇರಲಿಲ್ಲವೆಂಬುದೇ ನನ್ನ ಆಕ್ಷೇಪ.

ಕಪ್ಪು ಗಾಜಿನ, ಪರದೆ ಕಟ್ಟಿದ ಆ ಬಸ್ಸು ರಾಜಧಾನಿಯ ರಸ್ತೆಗಳಲ್ಲಿ ಪೊಲೀಸರ ಕಣ್ಣೆದುರಿಗೆ ಹೇಗೆ ಸುತ್ತಿತೆಂದು ಆ ದಿನಗಳಲ್ಲಿ ಉಚ್ಚ ನ್ಯಾಯಾಲಯವೇ ಕೇಳಿತ್ತು. ಅದೇ ಸಂಜೆ ಅದೇ ಬಸ್ಸಿನಲ್ಲಿ ಒಬ್ಬ ಬಡಗಿಯನ್ನು ದೋಚಿ ಹೊರಗೆ ತಳ್ಳಿದ್ದರು. ಡಿಸೆಂಬರ್ 22ರಂದು ರೈಸಿನಾ ಗುಡ್ಡದ ಬಳಿ ನ್ಯಾಯ ಕೇಳಲು ನೆರೆದ ಹುಡುಗ ಹುಡುಗಿಯರ ಮೇಲೆ ಲಾಠಿ, ಜಲಫಿರಂಗಿ, ಅಶ್ರುವಾಯು ಪ್ರಯೋಗವಾಯಿತು. ಸರಣಿಯಲ್ಲಿಯಾದರೋ ಆ ಜನಸಮೂಹವು ದುಡಿಯುತ್ತಿರುವ ಅಧಿಕಾರಿಗಳಿಗೆ ಒದಗಿದ ಒಂದು ತೊಡಕಿನಂತೆ ಕಾಣುತ್ತದೆ. ಪೊಲೀಸರ ಕಡತವನ್ನು ಹಿಡಿದು ಬರೆದ ಕಥೆಯು ಪೊಲೀಸರ ಕಿಟಕಿಯಿಂದಲೇ ಬೀದಿಯನ್ನು ನೋಡುತ್ತದೆ.

ಇಲ್ಲಿ ಪೂರ್ವಪಕ್ಷಿಗಳು ಹೇಳುವರು: “ಪೊಲೀಸರೂ ಮನುಷ್ಯರಲ್ಲವೇ? ನಿದ್ದೆಗೆಟ್ಟು, ಸಿಬ್ಬಂದಿಯ ಕೊರತೆಯಲ್ಲಿ ದುಡಿದವರ ಕಷ್ಟವನ್ನು ಒಮ್ಮೆಯಾದರೂ ಹೇಳಬಾರದೇ?” ಹೇಳಬೇಕು, ನಿಶ್ಚಯವಾಗಿಯೂ ಹೇಳಬೇಕು. ಹಿಡಿದದ್ದು ಅಪರಾಧಿಗಳನ್ನೇ ಎಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ರಾಜಪುರುಷರ ಶ್ರಮವನ್ನು ಹೇಳುವುದು ಬೇರೆ, ರಾಜ್ಯವನ್ನು ಪ್ರಶ್ನೆಯಿಂದ ಪಾರುಮಾಡುವುದು ಬೇರೆ.

ಶೂದ್ರಕನನ್ನು ನೋಡಿರಿ. ವಸಂತಸೇನೆಯ ಕೊರಳನ್ನು ಹಿಸುಕಿದವನು ರಾಜನ ಮೈದುನನಾದ ಶಕಾರ; ದೂರು ಕೊಡುವವನೂ ಅವನೇ. ವಿಚಾರಣೆಗೆ ಎಡೆಕೊಡದಿದ್ದರೆ ಬೇರೆ ನ್ಯಾಯಾಧಿಕಾರಿಯನ್ನು ತರಿಸುವೆನೆಂದು ಹೆದರಿಸುತ್ತಾನೆ, ಅಧಿಕರಣಿಕನು ಬಗ್ಗುತ್ತಾನೆ. ಕಾವಲಿನ ವೀರಕನು ಸುಳ್ಳುಗಾರನಲ್ಲ. ಆದರೂ ಉದ್ಯಾನದಲ್ಲಿ ಕಂಡ ಯಾವುದೋ ಹೆಣ್ಣಿನ ಹೆಣವು ಅವನ ಬಾಯಿಂದ ಸಾಕ್ಷ್ಯವಾಗುತ್ತದೆ. ಗಡೀಪಾರು ಮಾಡಬಹುದೆಂದು ಅಧಿಕರಣಿಕನು ಸೂಚಿಸಿದರೂ ಪಾಲಕರಾಜನು ನಿರಪರಾಧಿಯಾದ ಚಾರುದತ್ತನಿಗೆ ಶೂಲವನ್ನೇ ವಿಧಿಸುತ್ತಾನೆ. ಒಬ್ಬ ದುಷ್ಟನ ಕೃತ್ಯದಿಂದ ಹೊರಟ ಕವಿಯು ಸಿಂಹಾಸನದ ಬುಡದವರೆಗೆ ನಡೆದುಹೋದನು. ನಮ್ಮ ಕಾಲದ ಸರಣಿಯು ಆರು ಜನರ ಕೈಗೆ ಬೇಡಿ ಬಿದ್ದಲ್ಲಿಗೆ ನಿಂತಿತು.

ನಿಲ್ಲಬಾರದಾಗಿತ್ತು. ಸೆರೆಯಾದವರಲ್ಲಿ ಒಬ್ಬನು ಸೆರೆಮನೆಯಲ್ಲಿಯೇ ಸತ್ತನು. ಅಪ್ರಾಪ್ತವಯಸ್ಕನೊಬ್ಬನಿಗೆ ಮೂರು ವರ್ಷಗಳ ಸುಧಾರಣಾಗೃಹವಾಸವಾಯಿತು. ನಾಲ್ವರಿಗೆ 2020ರ ಮಾರ್ಚ್ 20ರಂದು ಗಲ್ಲಾಯಿತು. ಅಷ್ಟಕ್ಕೂ ಕಥೆ ಮುಗಿಯಲಿಲ್ಲ. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ಸುಮಾರು 80,000 ಸಲಹೆಗಳನ್ನು ಪಡೆದು, ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ಇಂಥ ಅಪರಾಧಗಳ ಮೂಲವು ಆಡಳಿತದ ವೈಫಲ್ಯದಲ್ಲಿದೆಯೆಂದು ಹೇಳಿತು. ಪತ್ನಿಯ ಸಮ್ಮತಿಯಿಲ್ಲದೆ ಪತಿಯು ನಡೆಸುವ ಬಲಾತ್ಕಾರಕ್ಕೆ ಕಾನೂನು ಕೊಟ್ಟಿರುವ ವಿನಾಯಿತಿಯನ್ನು ತೆಗೆಯಬೇಕೆಂದೂ ಹೇಳಿತು. 2013ರ ತಿದ್ದುಪಡಿಯಲ್ಲಿ ಆ ವಿನಾಯಿತಿ ಉಳಿಯಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ.

ಈಗ ತಿಳಿಯಿತಷ್ಟೆ, ವಾಚಕರೇ, ನಾವು ಆ ನಿಟ್ಟುಸಿರನ್ನು ಏಕೆ ಬಿಟ್ಟೆವೆಂದು? ಅಪರಾಧಿಯು ಎಲ್ಲಿಯೋ ಗುಡಿಸಲಿನಲ್ಲಿದ್ದಾನೆ, ಅವನನ್ನು ಹಿಡಿಯುವವರು ಠಾಣೆಯಲ್ಲಿದ್ದಾರೆ, ನಡುವೆ ನಾವು ಸಜ್ಜನರು ಸುಖಾಸನದಲ್ಲಿದ್ದೇವೆ. ವರ್ಮಾ ಸಮಿತಿಯ ವರದಿಯು ನಮ್ಮ ಮನೆಯ ಕದವನ್ನು ತಟ್ಟುತ್ತದೆ; ಸರಣಿಯು ಆ ಕದವನ್ನು ಮೆಲ್ಲಗೆ ಮುಚ್ಚುತ್ತದೆ. ಕರುಣರಸದಿಂದ ಕಣ್ಣು ಒದ್ದೆಯಾದರೆ ಸಾಲದು. ಒದ್ದೆಯಾದ ಕಣ್ಣು ತನ್ನ ಮನೆಯನ್ನೂ ನೋಡಬೇಕು.

ಸರಣಿಯನ್ನು ನೋಡಬೇಡಿರೆಂದು ನಾನು ಹೇಳುವುದಿಲ್ಲ. ನೋಡಿರಿ, ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಮುಗಿದೊಡನೆ ದೀಪವಾರಿಸಿ ಮಲಗಬೇಡಿರಿ. ಮಕ್ಕಳು ಕೇಳುವ ಪ್ರಶ್ನೆಗೆ “ಹಿಡಿದರಲ್ಲ” ಎಂಬುದು ಉತ್ತರವಲ್ಲ.